ಡಾಕ್ಟರ ಮನೆ

ಕಳಸ
ಏಪ್ರಿಲ್ 16, 2025

ಪ್ರಿಯ ಕೇಶವ,

ನೀನು ಫೋನ್ ಮಾಡಿ ಮೂರು ವಾರವಾಯಿತು. ಎರಡೇ ದಿನದಲ್ಲಿ ಬರೆದು ಕಳಿಸುತ್ತೇನೆ ಎಂದವನು ಇಷ್ಟು ತಡ ಮಾಡಿದ್ದಕ್ಕೆ ಬೇಸರಿಸಬೇಡ. ಸೋಮಾರಿತನವಲ್ಲ. ಕೂತು ಬರೆದೆ, ಹರಿದೆ, ಮತ್ತೆ ಬರೆದೆ. ಕೊನೆಗೆ ಬರೆಯುವುದಿಲ್ಲ ಎಂದು ತೀರ್ಮಾನಿಸಿದೆ. ಅದನ್ನು ಫೋನಿನಲ್ಲಿ ಹೇಳಿದರೆ ನೀನು ನಗಿಸಿ ಒಪ್ಪಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಚಿಕ್ಕಮಗಳೂರಿನ ಮನೆಯಲ್ಲಿ ನೀನೂ ನಂಜಮ್ಮನವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ಕಾಫಿ ಅರಳಿಸುವ ಹೂಮಳೆ ಸರಿಯಾದ ಸಮಯಕ್ಕೆ ಬಿತ್ತು. ಹೋದ ವಾರ ನಿನ್ನ ತೋಟದ ದಾರಿಯಲ್ಲಿ ಬಂದೆ. ಕಾಯಿ ಚೆನ್ನಾಗಿ ಕಚ್ಚಿದೆ. ನಮ್ಮ ಮನೆಯಲ್ಲಿ ಸತ್ಯವತಿಯ ಕಾಲು ಮಾತ್ರ ಹಾಗೇ ಇದೆ. ಸಕ್ಕರೆ ಕಾಯಿಲೆಯ ಹುಣ್ಣು, ಬೇಗ ಮಾಯುವುದಿಲ್ಲ. ಸರ್ಕಾರಿ ಆಸ್ಪತ್ರೆಯ ನರ್ಸ್ ಪವಿತ್ರಾ ದಿನ ಬಿಟ್ಟು ದಿನ ಮನೆಗೇ ಬಂದು ಡ್ರೆಸಿಂಗ್ ಮಾಡುವುದರಿಂದ ಕಾಲು ಉಳಿದಿದೆ. ಹುಣ್ಣು ಮೂಳೆ ಮುಟ್ಟಿದರೆ ಪಾದ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಈಗ ಆ ಪವಿತ್ರಾಳೇ ಹೊರಡುವ ಯೋಚನೆಯಲ್ಲಿದ್ದಾಳೆ. ಅದನ್ನು ಆಮೇಲೆ ಬರೆಯುತ್ತೇನೆ.

ಮೊದಲು ನಿನ್ನ ಮನವಿಯ ವಿಷಯ. ದೊಡ್ಡ ಕೃಷಿ ಆದಾಯಕ್ಕೂ ತೆರಿಗೆ ಬರಲಿದೆಯಂತೆ ಎಂದು ಯಾರೋ ಎಬ್ಬಿಸಿದ ಮಾತಿಗೆ ನಿಮ್ಮ ಬೆಳೆಗಾರರ ಸಂಘ ಬೆಚ್ಚಿಬಿದ್ದಿದೆ. ಅಧ್ಯಕ್ಷನಾದ ನೀನು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ: "ನಿನ್ನ ಬರವಣಿಗೆ ಓದಿದ್ರೆ ಮಂತ್ರಿಗೂ ಕಣ್ಣಲ್ಲಿ ನೀರು ಬರ್ಬೇಕು ಮಾರಾಯ. ಮೇಲೆ ಸಣ್ಣ ಬೆಳೆಗಾರ್ರ ಕಷ್ಟ ಹಾಕು, ನಮ್ದು ಅದ್ರ ಹಿಂದೆ ತಾನೇ ಸೇರ್ಕೊಳ್ತದೆ."

ಕೇಶವ, ಸಂಘದ ಮನವಿಗಳನ್ನೆಲ್ಲ ಬರೆದವನು ನಾನು. ಬೆಳೆದದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕಿದ್ದ ಕಾಲದಲ್ಲಿ ಬರೆದೆ. ಬೆಲೆ ಬಿದ್ದು, ನೀವು ನೆರಳಿನ ಮರ ಕಡಿದು ಮಾರಿ ಆಳುಗಳಿಗೆ ಸಂಬಳ ಕೊಟ್ಟ ವರ್ಷಗಳಲ್ಲಿ ಬರೆದೆ. 2019ರ ಆಗಸ್ಟಿನಲ್ಲಿ ಗುಡ್ಡ ಜಾರಿ ತೋಟಗಳೇ ಹೊಳೆಗೆ ಹೋದಾಗಲೂ ಬರೆದೆ. "ಇಷ್ಟೆಲ್ಲ ಬರ್ದು ನೀವು ಗಳಿಸಿದ್ದು ವರ್ಷಕ್ಕೊಂದು ಚೀಲ ಕಿತ್ತಳೆ. ಅದೂ ಅರ್ಧ ಹುಳಿ" ಎಂದು ಸತ್ಯವತಿ ಈಗಲೂ ಹಂಗಿಸುತ್ತಾಳೆ. ನನಗೆ ಬೇಸರವಿಲ್ಲ. ಬರೆದದ್ದೆಲ್ಲ ನಿಜವಿತ್ತು.

ಇದು ನಿಜವಲ್ಲ. ನಿನ್ನ ತೋಟದ ಪಕ್ಕದಲ್ಲಿ ಎರಡೆಕರೆ ಇಟ್ಟುಕೊಂಡಿರುವ ಕಲ್ಲಮ್ಮನಿಗೆ ಈ ತೆರಿಗೆ ತಾಗುವುದೇ ಇಲ್ಲ. ಅವಳನ್ನು ಮುಂದೆ ನಿಲ್ಲಿಸಿ ಅವಳ ಸೆರಗಿನ ಹಿಂದೆ ನೀವು ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಎರಡು ವರ್ಷದಿಂದ ಕಾಫಿಗೆ ನಾವು ಕನಸಿನಲ್ಲೂ ಕಾಣದ ಬೆಲೆ ಬಂದಿದೆ. ಬರಲಿ, ಕೆಟ್ಟ ವರ್ಷಗಳನ್ನು ನಾನೂ ಕಂಡಿದ್ದೇನೆ. ಆದರೆ ಒಣಗಿಸಿದ ಕಾಫಿಯನ್ನು ಸಂಸ್ಕರಿಸದೆ ಹಾಗೇ ಮಾರಿದರೆ ಅದು ಬರೀ ಕೃಷಿ ಆದಾಯ, ಅವನ ಹತ್ತಿರ ಆದಾಯ ತೆರಿಗೆಯವರು ಬರುವುದಿಲ್ಲ. ನಾನು ಮೇಷ್ಟರಾಗಿದ್ದಷ್ಟು ಕಾಲವೂ ತೆರಿಗೆ ಹಿಡಿದುಕೊಂಡ ಮೇಲೆಯೇ ಸಂಬಳ ಕೈಗೆ ಬರುತ್ತಿತ್ತು. ವರ್ಷದ ತೆರಿಗೆಯ ಬಾಕಿಯನ್ನೆಲ್ಲ ಮುರಿದುಕೊಳ್ಳುವ ಫೆಬ್ರವರಿಯಲ್ಲಿ ನಮ್ಮ ಸ್ಟಾಫ್ ರೂಮು ಸಾವಿನ ಮನೆಯ ಹಾಗಿರುತ್ತಿತ್ತು. ನಮಗೆ ಮನವಿ ಬರೆದುಕೊಟ್ಟವರು ಯಾರು?

ನಿಮ್ಮ ತಂದೆಯವರ ಕಾಲದಲ್ಲಿ ಕಾಫಿ ಆದಾಯಕ್ಕೆ ರಾಜ್ಯ ಸರ್ಕಾರದ ತೆರಿಗೆಯಿತ್ತು. ಅವರು ಗೊಣಗಿಕೊಂಡೇ ಸಲ್ಲಿಸಿದರು. ಅಷ್ಟೇ ಅಲ್ಲ, ಕಳಸದಲ್ಲಿ ಯಾವ ಡಾಕ್ಟರೂ ನಿಲ್ಲುತ್ತಿಲ್ಲವೆಂದು ಪೇಟೆಯಲ್ಲಿ ಒಂದು ಮನೆ ಕಟ್ಟಿಸಿ, ಸರ್ಕಾರಿ ಆಸ್ಪತ್ರೆಯವರಿಗೆ ಮಾತ್ರ ಎಂದು ಬಿಟ್ಟುಕೊಟ್ಟರು. ಅಲ್ಲಿರುವವರಿಗೆ ಸರ್ಕಾರದಿಂದ ಸಿಗುವ ಬಾಡಿಗೆ ಭತ್ಯೆ ಎಷ್ಟೋ ಅಷ್ಟೇ ಬಾಡಿಗೆ, ಒಂದು ಪೈಸೆ ಹೆಚ್ಚಿಲ್ಲ. ಇವತ್ತಿಗೂ ಜನ ಅದನ್ನು ಡಾಕ್ಟರ ಮನೆ ಎಂದೇ ಕರೆಯುತ್ತಾರೆ. ನೀನು ಹಲಸಿನ ಮರದಿಂದ ಬಿದ್ದು ಕೈ ಮುರಿದುಕೊಂಡ ದಿನ ಆ ಜಗಲಿಯಲ್ಲೇ ನಿನ್ನ ಮೂಳೆ ಕೂಡಿಸಿದ್ದು. ನಿನ್ನ ಕಾಲು ಹಿಡಿದುಕೊಂಡಿದ್ದವನು ನಾನು. ನಿಮ್ಮ ತಂದೆ ಹೇಳಿದ್ದು ನೆನಪಿದೆಯೋ? "ಸರ್ಕಾರ ಸಂಬ್ಳ ಕೊಡ್ತದೆ, ಸೂರು ಕೊಡ್ತದಾ? ಡಾಕ್ಟ್ರು ಇಲ್ಲಿ ನಿಲ್ಬೇಕು ಅಂದ್ರೆ ಅದು ನಾವ್ ಮಾಡ್ಬೇಕಾದ್ದು ಕಣ್ರೋ." ಅವರ ಮಟ್ಟಿಗೆ ಅದೂ ಒಂದು ತೆರಿಗೆಯೇ.

ಈಗ ಪವಿತ್ರಾಳ ಮಾತು. ಜನವರಿಯಲ್ಲಿ ಅವಳ ಬಾಡಿಗೆ ಮನೆ ಬಿಡಿಸಿದರು, ಹೋಂಸ್ಟೇ ಮಾಡಲು. ಕಳಸದಲ್ಲಿ ಬೇರೆ ಮನೆ ಸಿಕ್ಕಲಿಲ್ಲ. ಮೂಡಿಗೆರೆಯಲ್ಲಿರುವ ಅಕ್ಕನ ಮನೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ, ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮೊನ್ನೆ ಸತ್ಯವತಿಯ ಕಾಲಿಗೆ ಬ್ಯಾಂಡೇಜ್ ಸುತ್ತುತ್ತ ಹೇಳಿದಳು: "ಸರ್, ನನ್ ಜೊತೆ ಓದಿದೋಳು ಬೆಂಗ್ಳೂರಲ್ಲಿದಾಳೆ. ಅದೇ ಕೆಲ್ಸ, ಅದೇ ಗ್ರೇಡು. ಅವ್ಳಿಗೆ ಬಾಡ್ಗೆ ಭತ್ಯೆ ಇಪ್ಪತ್ತು ಪರ್ಸೆಂಟು, ನಂಗೆ ಏಳೂವರೆ. ಊರು ಚಿಕ್ದು, ಬಾಡ್ಗೆ ಕಮ್ಮಿ ಅಂತ ಲೆಕ್ಕ. ಇಲ್ಲಿ ಟೂರಿಸ್ಟು ಎರಡು ರಾತ್ರಿಗೆ ಕೊಡೋದು ನಂಗೆ ತಿಂಗ್ಳಿಗೆ ಬರಲ್ಲ."

"ಮತ್ತೆ ಗುಡ್ಡದ ಮೇಲಿದ್ದೀರಿ ಅಂತ ಏನೂ ಕೊಡಲ್ವಾ ಮಗಾ?" ಎಂದು ಸತ್ಯವತಿ ಕೇಳಿದಳು.

"ಗಾಳಿ ಚೆನ್ನಾಗಿದೆಯಲ್ಲ ಅಮ್ಮ, ಅದೇ" ಎಂದು ನಕ್ಕಳು.

ಪಟ್ಟಣದಲ್ಲಿ ಕೆಲಸ ಮಾಡುವವರಿಗೆ ನಗರ ಪರಿಹಾರ ಭತ್ಯೆ ಎಂದೇ ಒಂದುಂಟು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕರೆಂಟಿಲ್ಲದೆ, ಮರ ಬಿದ್ದ ರಸ್ತೆಯಲ್ಲಿ ನಡೆದು ಬರುವವಳಿಗೆ ಪರಿಹಾರವಿಲ್ಲ. ಮುಂದಿನ ತಿಂಗಳು ವರ್ಗಾವಣೆ ಶುರುವಾಗುತ್ತದೆ. ಅವಳು ಹೋದರೆ ಆ ಜಾಗಕ್ಕೆ ಯಾರೂ ಬರುವುದಿಲ್ಲ. ಬಂದವರೆಲ್ಲ ಯಾಕೆ ಹೋದರೆಂದು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ.

ಆದ್ದರಿಂದ ನಾನು ಬೇರೆ ಮನವಿ ಬರೆದಿದ್ದೇನೆ. ಇದರ ಜೊತೆಗಿದೆ. ಮಲೆನಾಡಿನ ಊರುಗಳಲ್ಲಿ ಕೆಲಸ ಮಾಡುವ ಸರ್ಕಾರಿ ನೌಕರರಿಗೆ ಗುಡ್ಡಗಾಡಿನ ಭತ್ಯೆ ಕೊಡಿ, ಬಾಡಿಗೆ ಭತ್ಯೆಯನ್ನು ಜನಸಂಖ್ಯೆ ನೋಡಿ ಅಲ್ಲ, ಇಲ್ಲಿನ ಬಾಡಿಗೆ ನೋಡಿ ನಿರ್ಧರಿಸಿ ಎಂದು ಕೇಳಿದ್ದೇನೆ. ಅದಕ್ಕೆ ದುಡ್ಡೆಲ್ಲಿಂದ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೊನೆಯ ಪ್ಯಾರಾದಲ್ಲಿ ಉತ್ತರವಿದೆ: ನಮ್ಮ ಪೈಕಿ ದೊಡ್ಡ ಆದಾಯವಿರುವವರು ತೆರಿಗೆ ಕೊಡಲು ಸಿದ್ಧರಿದ್ದೇವೆ. ಮೊದಲ ಸಹಿ ನಿನ್ನದಾಗಬೇಕು.

ಸಂಘದ ಸಭೆ ಇಪ್ಪತ್ತೇಳಕ್ಕೆ ಎಂದು ನೀನು ಹೇಳಿದ್ದೆ. ನೀನು ಸಹಿ ಹಾಕಿದರೂ ಬರುತ್ತೇನೆ, ಹಾಕದಿದ್ದರೂ ಬರುತ್ತೇನೆ. ಎದ್ದು ನಿಂತು ಓದುತ್ತೇನೆ. ಗೋಣಿಬೀಡಿನ ನಿನ್ನ ಗೆಳೆಯರು "ಮೇಷ್ಟ್ರಿಗೆ ವಯಸ್ಸಾಯ್ತು" ಎಂದು ನಗಲಿ. ನೀನು ತೆರಿಗೆಯನ್ನು ವಿರೋಧಿಸಲೇಬೇಕೆಂದಿದ್ದರೆ ನಿನ್ನ ಹೆಸರಿನಲ್ಲಿ, ನಿನ್ನ ಎಕರೆಗಳನ್ನು ಬರೆದು ವಿರೋಧಿಸು. ತಪ್ಪು ತಿದ್ದಿ ಕೊಡುತ್ತೇನೆ, ಬರೆದು ಕೊಡುವುದಿಲ್ಲ.

ಮೊಮ್ಮಕ್ಕಳು ತನ್ಮಯ್, ರಕ್ಷಾ ಇಬ್ಬರಿಗೂ ನಮ್ಮ ಆಶೀರ್ವಾದ. ಚೆನ್ನಾಗಿ ಓದಲಿ, ಗಟ್ಟಿಯಾಗಿರಲಿ. ನಂಜಮ್ಮನವರಿಗೆ ಸತ್ಯವತಿ ನಮಸ್ಕಾರ ತಿಳಿಸಿದ್ದಾಳೆ.

ಎಂದಿನ ಸ್ನೇಹದಿಂದ,
ಜನಾರ್ದನ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪವಿತ್ರಾ ಬಿಟ್ಟ ಮನೆ ಡಾಕ್ಟರ ಮನೆಯೇ. ಜಗಲಿಗೆ ಗಾಜು ಹಾಕಿ ಹೋಂಸ್ಟೇ ಎಂದು ಬೋರ್ಡು ತೂಗಿದ್ದಾರೆ. ನಿನ್ನ ಮಗ ರಾಜೇಶ್ ಪೇಟೆಯಲ್ಲಿ ಸಿಕ್ಕಾಗ ಕೇಳಿದೆ. "ಅಪ್ಪಂಗೆ ಹೇಳೇ ಮಾಡಿದ್ದು ಅಂಕಲ್" ಎಂದ. ಸತ್ಯವತಿಗೆ ಇದು ತಿಳಿಯದು. ಅವಳು ಕಾಲಿನಿಂದಾಗಿ ಪೇಟೆಗೆ ಹೋಗಿ ವರ್ಷವಾಯಿತು. ಪ್ರತಿ ಡ್ರೆಸಿಂಗಿಗೂ ಪವಿತ್ರಾಳಿಗೆ ಒಂದೇ ಮಾತು ಹೇಳುತ್ತಾಳೆ: "ನೀ ಹೆದರ್ಬೇಡ ಮಗಾ, ಕೇಶವಣ್ಣನ ಕಿವಿಗೆ ಬಿದ್ರೆ ಸಾಕು, ಮನೆ ಆಗ್ತದೆ." ಪವಿತ್ರಾ ತಲೆ ಎತ್ತದೆ ಬ್ಯಾಂಡೇಜ್ ಸುತ್ತುತ್ತಾಳೆ. ಬಿಡಿಸಿದ್ದು ನಿನ್ನ ಮನೆಯೇ ಎಂದು ಅವಳು ಹೇಳಿಲ್ಲ. ಇಪ್ಪತ್ತೇಳರವರೆಗೆ ನಾನೂ ಹೇಳುವುದಿಲ್ಲ.