ಮುಳುಗಿದ ವೆಚ್ಚ

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೇ? ಸುರಂಗದ ಧೂಳು ಕುಡಿದು ಕುಡಿದು ನಿನ್ನ ಎದೆಯೂ ಸಿಮೆಂಟಾಗಿರಬೇಕು. ಅಮ್ಮ ಚೆನ್ನಾಗಿದ್ದಾಳೆ. ನಿಮ್ಮ ಕ್ಯಾಂಪಿನ ಯಾವ ಫೋನೂ ಹತ್ತುತ್ತಿಲ್ಲ ಎಂದು ನನ್ನ ಮೇಲೆ ಸಿಡುಕುತ್ತಾಳೆ, ಅಲ್ಲಿಯ ಟವರ್ ಬೀಳಿಸಿದವಳು ನಾನೇ ಎನ್ನುವ ಹಾಗೆ. ಬೆಳಿಗ್ಗೆ ನಿಮ್ಮಲ್ಲಿಂದ ಬಂದ ಸಿಮೆಂಟು ಲಾರಿ ಮತ್ತೆ ಹೊರಡುತ್ತದಂತೆ. ಚಾಲಕ ಬಂದು ಬಾಗಿಲು ತಟ್ಟುವಷ್ಟರಲ್ಲಿ ಇದನ್ನು ಮುಗಿಸಬೇಕು.

ಈ ಸಲ ಮೊದಲ ವರ್ಷದವರಿಗೆ ಅರ್ಥಶಾಸ್ತ್ರದ ಮೂಲಪಾಠ ನನ್ನ ಪಾಲಿಗೆ ಬಂದಿದೆ. ನಿನ್ನೆ ‘ಮುಳುಗಿದ ವೆಚ್ಚ’ ಹೇಳಿಕೊಟ್ಟೆ. ಕೊಟ್ಟದ್ದು ಮರಳಿ ಬಾರದು ಎಂದಾದರೆ ಅದನ್ನು ಲೆಕ್ಕಕ್ಕೇ ಹಿಡಿಯಬಾರದು. ಮುಂದೆ ಕೊಡಬೇಕಾದ್ದೆಷ್ಟು, ಸಿಗುವುದೆಷ್ಟು, ಅದನ್ನಷ್ಟೇ ನೋಡಬೇಕು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಅಜ್ಜಿ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದುದಕ್ಕೆ ನಾನು ಒಂದು ತಾಸು ಬಡಬಡಿಸಿದೆ. ದುಡ್ಡು ಕೊಟ್ಟಾಗಿದೆ ಎಂದು ಕಚ್ಚುವ ಬೂಟನ್ನೇ ವರ್ಷವಿಡೀ ಹಾಕಿಕೊಂಡು ಕುಂಟಿದ ನಿನ್ನ ಕಥೆ ಹೇಳಿದಾಗ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಆಮೇಲೆ ನಿನ್ನ ಹೆಸರೆತ್ತದೆ ಒಂದು ಪ್ರಶ್ನೆ ಹಾಕಿದೆ. ಒಬ್ಬ ಏಳು ವರ್ಷದಿಂದ ಸುರಂಗ ಕೊರೆಸುತ್ತಿದ್ದಾನೆ. ಇನ್ನು ಸ್ವಲ್ಪವೇ ಉಳಿದಿದೆ. ಗೋಡೆಯಲ್ಲಿ ಜಿನುಗುತ್ತಿದ್ದ ತಿಳಿನೀರು ಈಚೆಗೆ ಚಹಾದ ಬಣ್ಣಕ್ಕೆ ತಿರುಗಿದೆ. (ಸಕ್ಕರೆ ಒಂದೇ ಕಡಿಮೆ ಎಂದು ಹೋದ ಪತ್ರದಲ್ಲಿ ನೀನು ತಮಾಷೆ ಮಾಡಿದ್ದೆ. ನನಗೆ ನಗು ಬರಲಿಲ್ಲ ಕಣೋ.) ಅವನು ಮುಂದುವರಿಯಬೇಕೇ, ನಿಲ್ಲಿಸಬೇಕೇ? ಅಷ್ಟು ಪಾಠ ಕೇಳಿದ ಮೇಲೂ ಹುಡುಗರು “ಇಷ್ಟು ಮಾಡಿ ಕೈಬಿಡೋಕಾಗುತ್ತಾ ಮೇಡಂ?” ಎಂದರು. ಥೇಟ್ ನಿನ್ನದೇ ಮಾತು. ಮೈಯೆಲ್ಲ ಉರಿದುಹೋಯಿತು.

ಗಂಟೆ ಹೊಡೆದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಬಳಿ ಬಂದಳು. ಅವಳ ಅಪ್ಪನದೂ ಸುರಂಗದ ಕೆಲಸವೇ ಅಂತೆ. “ನೀರು ಕೆಂಪಾದ್ರೆ ಒಳಗೆ ಮಣ್ಣು ಕರಗ್ತಿದೆ ಅಂತ, ಮೇಡಂ. ಹರೀತಿದ್ರೆ ಹೊರಗೆ ಬರೋಕೆ ಟೈಮ್ ಇರುತ್ತೆ. ಇದ್ದಕ್ಕಿದ್ದಂತೆ ನಿಂತ್ರೆ ಮಾತ್ರ ಗೋಡೆ ಹಿಂದೆ ನೀರು ಕಟ್ಟಿಕೊಂಡಿದೆ ಅಂತ, ಯಾವಾಗ ಬೇಕಾದ್ರೂ ಒಡೆಯುತ್ತೆ, ಒಂದು ಗಳಿಗೆಯೂ ಒಳಗಿರಬಾರ್ದು” ಎಂದಳು. ಅಪ್ಪ ಈಗ ಎಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದೆ. ಅವಳು ಚೀಲ ಎತ್ತಿಕೊಂಡು ಹೋದಳು.

ಆಗಿನಿಂದ ನನಗೆ ಊಟ ಸೇರುತ್ತಿಲ್ಲ. ಆಚೆ ಬದಿಯ ಬೆಳಕು ಕಂಡ ಮೇಲೇ ಬರುತ್ತೇನೆ ಎಂಬ ನಿನ್ನ ಹಠ ಗೊತ್ತು. ನೀನು ಹೇಳಿದರೆ ತಂಡವೂ ಕೇಳುತ್ತದೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನಾಲ್ಕು ದಿನ ಕೆಲಸ ನಿಲ್ಲಿಸಿ ಬಾ, ಕೂತು ಮಾತಾಡೋಣ. ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ.

ನಿನ್ನ
ಅಕ್ಕ

ತಾ.ಕ.: ಚಾಲಕ ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ಕ್ಷೇಮ ಕೇಳಿದೆ. “ಆರಾಮಾಗಿದಾರೆ ಅಕ್ಕಾ, ನಿನ್ನೆಯಿಂದ ಆ ನೀರಿನ ಕಾಟಾನೇ ಇಲ್ಲ, ಗೋಡೆ ಪೂರ್ತಿ ಒಣಗಿದೆ” ಎನ್ನುತ್ತಿದ್ದಾನೆ. ತಮ್ಮಾ, ಮೇಲೆ ಬರೆದದ್ದೆಲ್ಲ ಬಿಡು. ಇದನ್ನು ಎಲ್ಲಿ ನಿಂತು ಓದುತ್ತಿದ್ದೀಯೋ ಅಲ್ಲಿಂದಲೇ ಎಲ್ಲರನ್ನೂ ಕೂಗಿಕೊಂಡು ಹೊರಗೆ ಓಡು. ಏಳು ವರ್ಷ ಹೋದರೆ ಹೋಗಲಿ. ಬೇಗ ಹೋಗಪ್ಪಾ ಎಂದು ಇವನ ಕೈ ಹಿಡಿದುಕೊಂಡರೆ, ಎಷ್ಟು ಓಡಿಸಿದರೂ ಅಲ್ಲಿ ಮುಟ್ಟಲು ಸಂಜೆಯಾಗುತ್ತದೆ ಎನ್ನುತ್ತಿದ್ದಾನೆ.