ಶಮ್ನಾಳ ಮಾದಳ

ಸಿದ್ಧಕಟ್ಟೆ
9-9-1996

ಮಾಣಿ ಊರಿನ ಬೀಗಿತ್ತಿ ಆಸಿಯಮ್ಮನವರಿಗೆ,

ಸಲಾಂ ಹೇಳದೆ ಪತ್ರ ಬರೆಯುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಅಸ್ಸಲಾಮು ಅಲೈಕುಂ.

ನಿನ್ನೆ ನಿಮ್ಮ ಮಗ, ನನ್ನ ಅಳಿಯ ಇರ್ಷಾದ್ ಖಾಲಿ ಭರಣಿ ಹಿಡಿದುಕೊಂಡು ಬಂದಿದ್ದ. "ಮಾಮಿ, ತಂಗಿಯ ನಿಶ್ಚಯದ ದಿನ ನಿಮ್ಮ ಉಪ್ಪಿನಕಾಯಿ ಭಾರೀ ಲಾಯ್ಕಾಗಿತ್ತು. ಇನ್ನೂ ಉಂಟಾದರೆ ಉಮ್ಮನಿಗೆ ಬೇಕಂತೆ" ಎಂದ.

ಅದು ನಿಮ್ಮ ನೆಂಟರ ಬಿರಿಯಾನಿಗೆ ಕೊಟ್ಟಿದ್ದಲ್ಲ. ಶಮ್ನಾಳ ನಿಕಾಹ್ ಗೊತ್ತಾದ ವಾರವೇ ನಮ್ಮ ಬಾವಿಯ ಬಳಿಯ ಮರದ ಹುಳಿ ಮಾದಳದ ಕಾಯಿಗಳನ್ನು ಹೆಚ್ಚಿ ಉಪ್ಪಿನಲ್ಲಿ ಹಾಕಿಟ್ಟಿದ್ದೆ, ಅವಳ ಚೊಚ್ಚಲ ಬಸುರಿಗೆಂದು. ನನ್ನ ತಾಯಿಯೂ ನನಗೆ ಹಾಗೆಯೇ ಮಾಡಿದ್ದರು. ಎರಡು ವರ್ಷ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಈಗ ಈ ಬಸುರಿನ ವಾಂತಿಯಲ್ಲಿ ಅದರ ಒಂದು ಚೂರು ಇದ್ದರೆ ಮಾತ್ರ ಅವಳ ಹೊಟ್ಟೆಯಲ್ಲಿ ಗಂಜಿ ನಿಲ್ಲುತ್ತದೆ. ಗೊತ್ತಿರಲಿಲ್ಲ ಎನ್ನಬೇಡಿ. ನಿಮ್ಮ ಅಡುಗೆಮನೆಯಲ್ಲಿ ನಿಂತೇ ಹೇಳಿ ಕೊಟ್ಟಿದ್ದೇನೆ.

ನಾಲ್ಕು ದಿನದಿಂದ ಅವಳು ಬರೇ ನೀರು ಕುಡಿಯುತ್ತಿದ್ದಾಳೆಂದು ಇರ್ಷಾದ್ ಹೇಳಿದ, ಅದೂ ನಾನು ಕೇಳಿದ ಮೇಲೆ.

ನನ್ನ ಹತ್ತಿರ ಇನ್ನೊಂದು ಭರಣಿ ಉಂಟು. ಅದು ಈ ಮನೆಯ ಹೊಸ್ತಿಲು ದಾಟುವುದಿಲ್ಲ. ಅವಳನ್ನು ಕರೆತರಲು ಏಳನೇ ತಿಂಗಳವರೆಗೆ ನಾನು ಕಾಯುವುದೂ ಇಲ್ಲ. ಗುರುವಾರ ಬೆಳಿಗ್ಗೆ ಜೀಪು ತರುತ್ತೇನೆ. ಅವಳ ಬಟ್ಟೆ ಕಟ್ಟಿಡಿ. ನನಗೆ ಚಹಾ ಮಾಡುವುದು ಬೇಡ.

ಭರಣಿಯನ್ನು ಚೆನ್ನಾಗಿ ತೊಳೆದು ಕಳುಹಿಸಿದ್ದೀರಿ. ತೊಳೆಯದೆ ಇದ್ದಿದ್ದರೆ ತಳದ ಉಪ್ಪುನೀರಾದರೂ ಅವಳ ಗಂಜಿಗೆ ಆಗುತ್ತಿತ್ತು.

ಶಮ್ನಾಳ ತಾಯಿ,
ಮಾಜಿದಾ