ಚಕ್ರಕ್ಕೆ ನಾಲ್ಕು ನಿಂಬೆಹಣ್ಣು

ಅಪ್ಪಾ,

ಕಲ್ಯಾಣದುರ್ಗದ ಗುಡಿ ಮುಂದಿನ ನಮ್ಮ ಹೂವಿನಂಗಡಿಗೆ ಈ ಬೆಳಿಗ್ಗೆ ತಿರುಮಲೇಶ್ ಬಂದಿದ್ದ. ಹೋದ ವರ್ಷ ಕಂಬದೂರು ರಸ್ತೆಯಲ್ಲಿ ಹಿಂದಿನಿಂದ ಬಂದು ನಿನ್ನ ಸೈಕಲ್ಲಿಗೆ ಕಾರು ಗುದ್ದಿದವನು. ಅವನಿಗೆ ನನ್ನ ಗುರುತು ಸಿಗಲಿಲ್ಲ. ಹಿಂದೂಪುರದಿಂದ ಹೊಸ ಕಾರು ತಂದಿದ್ದಾನೆ, ಪೂಜೆ ಮಾಡಿಸಬೇಕಂತೆ.

“ನಾಲ್ಕು ನಿಂಬೆಹಣ್ಣು ಕೊಡಮ್ಮ, ಚಕ್ರದ ಕೆಳಗಿಡಾಕೆ. ಮಂಚಿವಿ ಚೂಸಿ ಇವ್ವು,” ಅಂದ.

ಅವನು ಕೇಳಿದ ಹಾಗೆ ಒಳ್ಳೆಯವನ್ನೇ ನೋಡಿ ಆರಿಸಿ ಕೊಟ್ಟೆ. ಗಿರಾಕಿ ಹತ್ರ ಜಗಳ ಆಡ್ಬ್ಯಾಡ ಕಣಮ್ಮ ಅಂತ ನೀನು ಯಾವಾಗಲೂ ಹೇಳುತ್ತಿದ್ದೆಯಲ್ಲ, ಆಡಲಿಲ್ಲ. ಅವತ್ತು ನಿನ್ನ ಸೈಕಲ್ಲಿನ ಚೀಲದಲ್ಲಿದ್ದದ್ದೂ ಅಂಗಡಿಗೆ ತರುತ್ತಿದ್ದ ನಿಂಬೆಹಣ್ಣೇ. ನೀನು ಹೋದ ಮೇಲೆ ಆ ಚೀಲವನ್ನು ನಾನು ತಲೆಮೇಲೆ ಹೊತ್ತು ಅದೇ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತೇನೆ. ಹಿಂದೆ ಹಾರನ್ ಕೇಳಿದರೆ ಜಾಲಿಮುಳ್ಳಿನೊಳಗೆ ಇಳಿದು ನಿಲ್ಲುತ್ತೇನೆ.

ಪೂಜಾರಿ ಮಂಗಳಾರತಿ ಎತ್ತಿ, “ಇನ್ನು ನಿನ್ನ ಗಾಡಿಗೆ ಏನೂ ಆಗಲ್ಲ ಕಣಪ್ಪ, ಧೈರ್ಯವಾಗಿ ಓಡ್ಸು,” ಅಂದ. ಹೋದ ಸಲವೂ ಅವನ ಗಾಡಿಗೆ ಏನೂ ಆಗಿರಲಿಲ್ಲ.

ಆಗ ಪೊಲೀಸ್ ಸ್ಟೇಷನ್ನಿನಲ್ಲಿ ನನ್ನ ಎದುರಿಗೇ, “ಮುಂದ್ಗಡೆ ಸೈಕಲ್ ಇದ್ದಿದ್ದೇ ಕಾಣ್ಲಿಲ್ಲ ಸಾರ್,” ಅಂದಿದ್ದ. ಹಾಡುಹಗಲು, ನೆಟ್ಟಗಿರುವ ರಸ್ತೆ.

ಇವತ್ತು ಕಾರು ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಬಂದ, ಅಪ್ಪಾ. ನಿಂಬೆಹಣ್ಣು ಜರುಗಿಲ್ಲ ತಾನೇ ಎಂದು ಒಂದೊಂದು ಚಕ್ರದ ಹತ್ತಿರವೂ ಮಂಡಿಯೂರಿ, ಬಗ್ಗಿ ನೋಡಿದ.